ಅಂಜೂರ: ಎಷ್ಟು ತಿನ್ನಬೇಕು, ಹೇಗೆ ತಿನ್ನಬೇಕು

ಒಣ ಅಂಜೂರದ ಮುಖ್ಯ ಉಪಕಾರ ಹೊಟ್ಟೆಗೆ. 100 ಗ್ರಾಂ ಒಣ ಹಣ್ಣಿನಲ್ಲಿ ಸುಮಾರು 10 ಗ್ರಾಂ ನಾರಿನಂಶವಿರುತ್ತದೆ. ರಾತ್ರಿ ಎರಡು ಹಣ್ಣುಗಳನ್ನು ತೊಳೆದು, ಅರ್ಧ ಲೋಟ ಕುಡಿಯುವ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ನಿಧಾನವಾಗಿ ಅಗಿದು ತಿಂದು, ಆ ನೀರನ್ನೂ ಚೆಲ್ಲದೆ ಕುಡಿಯುವ ರೂಢಿ ಮಾಡಿಕೊಂಡರೆ, ಮಲಬದ್ಧತೆಯಿಂದ ಬಳಲುವ ಹಿರಿಯರಿಗೆ ಬಹಳ ಅನುಕೂಲವಾಗುತ್ತದೆ. ನೆನೆದ ಹಣ್ಣು ಮೆತ್ತಗಾಗುವುದರಿಂದ ಹಲ್ಲು ಸಡಿಲವಾದವರೂ ಸುಲಭವಾಗಿ ತಿನ್ನಬಹುದು. ಆದರೆ ದಿನವಿಡೀ ಸಾಕಷ್ಟು ನೀರು ಕುಡಿಯದಿದ್ದರೆ ನಾರಿನಿಂದ ಹೆಚ್ಚಿನ ಪ್ರಯೋಜನವಾಗದು.

ಅಂಜೂರ ತಿಂದರೆ ರಕ್ತ ಹೆಚ್ಚುತ್ತದೆ ಎಂಬ ನಂಬಿಕೆಯಿಂದ ಅನೇಕ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಇದನ್ನು ಕೊಡುತ್ತಾರೆ; ಕೊಡುವುದು ಒಳ್ಳೆಯದೇ. ಆದರೆ 100 ಗ್ರಾಂನಲ್ಲಿರುವ ಕಬ್ಬಿಣ ಸುಮಾರು 2 ಮಿಲಿಗ್ರಾಂ ಮಾತ್ರ, ಆದ್ದರಿಂದ ಎರಡು ಹಣ್ಣುಗಳಿಂದ ಅರ್ಧ ಮಿಲಿಗ್ರಾಂ ದೊರೆಯುವುದೂ ಕಷ್ಟ. ರಕ್ತಹೀನತೆ ಇರುವವರು ವೈದ್ಯರು ಕೊಟ್ಟ ಮಾತ್ರೆಯನ್ನು ಬಿಟ್ಟು ಇದನ್ನೇ ನೆಚ್ಚಿಕೊಳ್ಳಬಾರದೆಂದು ನಾನು ಒತ್ತಿ ಹೇಳುತ್ತೇನೆ. ಹಣ್ಣಿನ ಜೊತೆಗೆ ನೆಲ್ಲಿಕಾಯಿಯನ್ನೋ ನಿಂಬೆರಸವನ್ನೋ ತೆಗೆದುಕೊಂಡರೆ ಇರುವ ಕಬ್ಬಿಣವಾದರೂ ಚೆನ್ನಾಗಿ ಮೈಗೂಡುತ್ತದೆ. ಸುಣ್ಣದಂಶವೂ ಇದರಲ್ಲಿ 100 ಗ್ರಾಂಗೆ ಸುಮಾರು 160 ಮಿಲಿಗ್ರಾಂ ಇದೆ. ನಮ್ಮ ರಾಗಿಯಲ್ಲಿ ಅದರ ಎರಡರಷ್ಟಿದೆ ಎಂಬುದನ್ನು ಮರೆಯಬಾರದು.

ಒಣ ಅಂಜೂರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಕ್ಕರೆಯೇ ಆಗಿರುವುದರಿಂದ, ಮಧುಮೇಹವಿರುವವರು ಒಂದೇ ಹಣ್ಣಿಗೆ ತೃಪ್ತರಾಗುವುದು, ಅದನ್ನೂ ವೈದ್ಯರನ್ನು ಕೇಳಿ ತಿನ್ನುವುದು ಕ್ಷೇಮ. ಪೊಟ್ಯಾಸಿಯಂ ಹೇರಳವಾಗಿರುವ ಕಾರಣ ಮೂತ್ರಪಿಂಡದ ತೊಂದರೆ ಇರುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಬಳ್ಳಾರಿ ಕಡೆಯ ತಾಜಾ ಅಂಜೂರ ಸಿಕ್ಕಿದರೆ ಬಿಡಬೇಡಿ. ಅದರಲ್ಲಿ ನೀರಿನಂಶ ಹೆಚ್ಚಿರುವುದರಿಂದ ಸಕ್ಕರೆ 100 ಗ್ರಾಂಗೆ ಸುಮಾರು 16 ಗ್ರಾಂ ಮಾತ್ರ. ಕಿತ್ತ ಮೇಲೆ ಈ ಹಣ್ಣು ಚೆನ್ನಾಗಿ ಮಾಗುವುದಿಲ್ಲವಾದ್ದರಿಂದ ಮೆತ್ತಗಿರುವುದನ್ನೇ ಆರಿಸಿ, ಹುಳಿವಾಸನೆ ಬಂದದ್ದನ್ನು ಬಿಟ್ಟು, ಎರಡು ದಿನದೊಳಗೆ ಮುಗಿಸಬೇಕು. ಕಾಯಿಯ ಬಿಳಿ ಹಾಲು ಚರ್ಮಕ್ಕೆ ತಾಗಿದರೆ ಉರಿಯುತ್ತದೆ; ಮಕ್ಕಳ ಕೈಗೆ ಕೊಡಬೇಡಿ.

ಮಳೆಗಾಲದಲ್ಲಿ ಒಣ ಅಂಜೂರಕ್ಕೆ ಹುಳು ಬೀಳುವುದು ಸಾಮಾನ್ಯ. ಸರದಿಂದ ಬಿಡಿಸಿ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ; ನೆನೆಹಾಕುವ ಮೊದಲು ಪ್ರತಿಯೊಂದನ್ನೂ ಸೀಳಿ ಒಳಗೆ ನೋಡಿ. ಮೇಲೆ ಕಾಣುವ ಬಿಳಿ ಪುಡಿ ಹಲವು ಬಾರಿ ಹೊರಬಂದು ಗಟ್ಟಿಯಾದ ಸಕ್ಕರೆಯೇ ಆಗಿರುತ್ತದೆ. ಆದರೆ ಅದು ಹತ್ತಿಯಂತೆ ನವಿರಾಗಿದ್ದು ಮುಗ್ಗಲು ವಾಸನೆ ಬಂದರೆ ಆ ಹಣ್ಣನ್ನು ಹಿಂದುಮುಂದು ನೋಡದೆ ಎಸೆದುಬಿಡಿ.