ಕರು ಒಲ್ಲದ ಹಸು: ಹಗ್ಗಕ್ಕೂ ಮೊದಲು ಥರ್ಮಾಮೀಟರ್

ಈದ ಹಸು ಕರುವನ್ನು ನೆಕ್ಕದಿದ್ದರೆ, ಮೊಲೆಗೆ ಬಿಟ್ಟಾಗ ಒದ್ದರೆ, ನಮ್ಮ ತೀರ್ಥಹಳ್ಳಿ ಕಡೆ ಮೊದಲು ಹಿಂಗಾಲಿಗೆ ಹಗ್ಗ ಬೀಳುತ್ತದೆ. ನಾನು ಮೊದಲು ಜ್ವರ ನೋಡುತ್ತೇನೆ. ಥರ್ಮಾಮೀಟರನ್ನು ಗುದದೊಳಗೆ ಓರೆಯಾಗಿ, ಪಕ್ಕದ ಗೋಡೆಗೆ ತಾಗುವಂತೆ 2 ನಿಮಿಷ ಹಿಡಿಯಬೇಕು. ಸಗಣಿಯೊಳಗೆ ಹೋದರೆ ಲೆಕ್ಕ ತಪ್ಪುತ್ತದೆ. 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ.

100ಕ್ಕಿಂತ ಕಡಿಮೆ ಇದ್ದು, ಕಿವಿ ತಣ್ಣಗಾಗಿ, ಹಸು ಕತ್ತನ್ನು ಪಕ್ಕೆಗೆ ಮಡಚಿ ಮಲಗಿದ್ದರೆ ಅದು ಹಾಲುಜ್ವರ. ಹೆಸರಲ್ಲಿ ಮಾತ್ರ ಜ್ವರ. ಗಿಣ್ಣಿಗೆ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಹರಿದುಹೋಗಿ ರಕ್ತದಲ್ಲಿ ಕಡಿಮೆಯಾಗುತ್ತದೆ, ಮಾಂಸಖಂಡ ಸೋಲುತ್ತದೆ, ಹಸು ಮಂಕಾಗುತ್ತದೆ. ಕರು ಎದುರಿಗಿದ್ದರೂ ನಾಲಿಗೆ ಚಾಚಲು ತ್ರಾಣವಿರುವುದಿಲ್ಲ. ಈದ 3 ದಿನದೊಳಗೆ, ಮೂರನೇ ಸೂಲು ದಾಟಿದ ಜರ್ಸಿ ಮಿಶ್ರತಳಿ ಹಸುಗಳಲ್ಲಿ ಇದು ಹೆಚ್ಚು. ಈ ಹೊತ್ತಿನಲ್ಲಿ ಗಂಜಿ, ಬೆಲ್ಲದ ನೀರು ಗೊಟ್ಟದಲ್ಲಿ (ಬಾಯಿಗೆ ಹೊಯ್ಯುವ ಬಿದಿರ ಕೊಳವೆಯಲ್ಲಿ) ಹೊಯ್ಯಲೇಬಾರದು. ನುಂಗುವ ಶಕ್ತಿ ಇಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಡ್ಡ ಬೀಳದಂತೆ ಎರಡೂ ಪಕ್ಕಕ್ಕೆ ದರಗು (ಒಣಗಿದ ಎಲೆ) ತುಂಬಿದ ಗೋಣಿಚೀಲ ಆನಿಸಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಡಾಕ್ಟರನ್ನು ಕರೆಸಬೇಕು. ನರಕ್ಕೆ ಕ್ಯಾಲ್ಸಿಯಂ ಕೊಡುವುದು ಅವರದೇ ಕೆಲಸ, ಬೇಗ ಬೇಗ ಹರಿಸಿದರೆ ಹೃದಯ ನಿಂತುಬಿಡಬಹುದು.

ಕ್ಯಾಲ್ಸಿಯಂ ಬಾಟಲಿ ಇಳಿಯುವಾಗ ನಾನು ಕರುವನ್ನು ತಾಯಿಯ ಮೂತಿಯ ಹತ್ತಿರವೇ ಮಲಗಿಸುತ್ತೇನೆ. ಈದ ಮೊದಲ ಕೆಲವು ಗಂಟೆಗಳಲ್ಲಿ ಕರುವಿನ ಮೈಮೇಲಿನ ಲೋಳೆಯ ವಾಸನೆ ಹಿಡಿದೇ ಹಸು ಅದನ್ನು ತನ್ನದೆಂದು ಗುರುತಿಸುವುದು. ಮಳೆಗಾಲವೆಂದು ಕರುವಿಗೆ ಬಿಸಿನೀರು ಹೊಯ್ದು ಬಚ್ಚಲೊಲೆ ಮುಂದೆ ಮಲಗಿಸಿದರೆ ಆ ಹೊತ್ತು ಕಳೆದುಹೋಗುತ್ತದೆ. ಒಣ ಗೋಣಿಯಲ್ಲಿ ತಿಕ್ಕಿದರೆ ಸಾಕು. ಕರುವಿನ ಬೆನ್ನ ಮೇಲೆ ಒಂದು ಹಿಡಿ ಬೂಸಾ, ಚಿಟಿಕೆ ಉಪ್ಪು ಉದುರಿಸುತ್ತೇನೆ. ಕ್ಯಾಲ್ಸಿಯಂ ಹಿಡಿಯುತ್ತಿದ್ದಂತೆ ಮೊದಲು ಪಕ್ಕೆ ನಡುಗುತ್ತದೆ, ಮೂಗಿನ ಮೇಲೆ ಬೆವರು ಹನಿಯುತ್ತದೆ, ಆಮೇಲೆ ನಾಲಿಗೆ ಹೊರಬಂದು ಬೂಸಾ ಹುಡುಕುತ್ತಾ ಕರುವಿನ ಕಿವಿ ನೆಕ್ಕುತ್ತದೆ. ಗಂಟಲಲ್ಲೇ 'ಹೂಂ' ಎನ್ನುವ ಆ ಸಣ್ಣ ದನಿ ಕೇಳಿದರೆ ನನಗೆ ಅರ್ಧ ಜೀವ ಬರುತ್ತದೆ.

ಕರು ಅಲ್ಲಿಯವರೆಗೂ ಹಸಿದಿರಬಾರದು. 20 ಕೆ.ಜಿ. ಕರುವಿಗೆ 2 ಲೀಟರ್ ಗಿಣ್ಣುಹಾಲು, ಅದರಲ್ಲಿ ಅರ್ಧ ಮೊದಲ 2 ಗಂಟೆಯೊಳಗೇ ಹೋಗಬೇಕು. 24 ಗಂಟೆ ಕಳೆದರೆ ಗಿಣ್ಣಿನ ರೋಗನಿರೋಧಕ ಅಂಶವನ್ನು ಕರುಳು ಹೀರುವುದಿಲ್ಲ. ಕರುವಿಗೆ ಬೇಕಾದಷ್ಟೇ ಕರೆಯಬೇಕು. ಕೆಚ್ಚಲು ಬರಿದು ಮಾಡಿದರೆ ಹಾಲುಜ್ವರ ಮರುಕಳಿಸಬಹುದು. ಆರಿದ ಗಿಣ್ಣನ್ನು ಒಲೆಯ ಮೇಲಿಡಬಾರದು, ಗಟ್ಟಿ ಕಟ್ಟುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಬಾಟಲಿ ಇಟ್ಟರಾಯಿತು.

103 ದಾಟಿದ್ದರೆ ಕೆಚ್ಚಲು ಮುಟ್ಟಿ ನೋಡುತ್ತೇನೆ. ಒಂದು ಭಾಗ ಬಿಸಿಯಾಗಿ ಕಲ್ಲಿನಂತಿದ್ದು, ಕಪ್ಪು ಬಟ್ಟೆಯ ಮೇಲೆ ಕರೆದಾಗ ಹಾಲಿನಲ್ಲಿ ಹಿಪ್ಪೆ (ಒಡೆದ ಹಾಲಿನಂಥ ಚೂರು) ಕಂಡರೆ ಕೆಚ್ಚಲುಬಾವು. ಕರು ಗುಮ್ಮಿದ ನೋವಿಗೆ ಹಸು ಒದೆಯುತ್ತದೆ, ಸಿಟ್ಟಿಗಲ್ಲ. ಕರುವನ್ನು ಚೆನ್ನಾಗಿರುವ ಮೊಲೆಗೆ ಮಾತ್ರ ಬಿಟ್ಟು, ಬಾವಿನ ಮೊಲೆಯನ್ನು ಕೊನೆಗೆ ಕರೆದು ಚೆಲ್ಲಬೇಕು.

ಬಾಯಲ್ಲಿ ಜೊಲ್ಲು, ನಾಲಿಗೆಯಲ್ಲಿ ಹುಣ್ಣು ಇದ್ದರೆ ಮಾತ್ರ ಲೆಕ್ಕ ತಿರುಗುಮುರುಗು. ಕಾಲುಬಾಯಿ ಜ್ವರದಲ್ಲಿ ಹಸು ನೆಕ್ಕಲಾರದು, ಮೊಲೆಯಲ್ಲೂ ಗುಳ್ಳೆ ಇದ್ದರೆ ಕುಡಿಸಲೂ ಆಗದು. ಈ ರೋಗ ಎಳೆಗರುವಿನ ಹೃದಯಕ್ಕೇ ಹೊಡೆಯುವುದರಿಂದ ಕೂಡಲೇ ಬೇರೆ ಮಾಡಿ, ಆರೋಗ್ಯವಾಗಿರುವ ಬೇರೆ ಹಸುವಿನ ಗಿಣ್ಣು ಕುಡಿಸಬೇಕು.

ನಮ್ಮ ನಾಟಿ ತಳಿ ಮಲೆನಾಡು ಗಿಡ್ಡ, ಕರುವಿಲ್ಲದೆ ತೊರೆ ಬಿಡುವುದೇ (ಕೆಚ್ಚಲಿಗೆ ಹಾಲು ಇಳಿಸುವುದೇ) ಕಷ್ಟ, ಹಾಗಾಗಿ ವಾಸಿಯಾದ ಮೇಲೂ ದಿನಕ್ಕೆ ನಾಲ್ಕು ಸಲ ಎದುರಿಗೆ ನಿಂತು ಕುಡಿಸುತ್ತೇನೆ. ಕುಡಿಯುತ್ತಿರುವ ಕರುವಿನ ಬಾಲದ ಬುಡವನ್ನು ತಾಯಿ ತಾನಾಗಿ ತಿರುಗಿ ಮೂಸುವವರೆಗೆ ರಾತ್ರಿ ಇಬ್ಬರನ್ನೂ ಒಟ್ಟಿಗೆ ಬಿಡುವುದಿಲ್ಲ.