ನೀರಿನ ಹನಿಯಿಂದ ತೆಳು ಪೊರೆಯನ್ನು ಮಡಚಿ ಲೇಪಿಸುವ ವಿಧಾನ

ಕೆಲವೇ ಮಿಲಿಮೀಟರ್ ಅಳತೆಯ ತೆಳು ಪೊರೆಯನ್ನು ಚಿಮುಟದಿಂದ ಮಡಚಲು ಹೋದರೆ ಅದು ಹರಿಯುತ್ತದೆ, ಇಲ್ಲವೇ ಚಿಮುಟಕ್ಕೇ ಅಂಟಿಕೊಳ್ಳುತ್ತದೆ. ಈ ಕೆಲಸವನ್ನು ಒಂದು ಹನಿ ನೀರಿಗೆ ಒಪ್ಪಿಸಬಹುದೆಂದು ಪ್ಯಾರಿಸಿನ ಶಾರ್ಲಟ್ ಪೀ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ಹನಿ ಆರುತ್ತ ಹೋದಂತೆ ಅದರ ಮೇಲ್ಮೈ ಎಳೆತವೇ ಪೊರೆಯ ಅಂಚುಗಳನ್ನು ಎತ್ತಿ ಮಡಚುತ್ತದೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಪದವಿ ಕಾಲೇಜುಗಳ ಪ್ರಯೋಗಾಲಯಗಳಲ್ಲಿಯೂ ಇದನ್ನು ಮಾಡಬಹುದು. ಪೊರೆಯ ದಪ್ಪದ ಮೇಲೆ ಹಿಡಿತ ಮತ್ತು, ನಮ್ಮ ಕಡೆಯಲ್ಲಂತೂ, ಗಾಳಿಯ ತೇವದ ಮೇಲೆ ಗಮನ ಇರಬೇಕು.

ಎರಡು ಭಾಗಗಳಲ್ಲಿ ಬರುವ ಪಿಡಿಎಂಎಸ್ ಸಿಲಿಕೋನ್ ರಬ್ಬರನ್ನು ತೂಕದಲ್ಲಿ 10:1ರಂತೆ ಕಲಸಿ, ಗುಳ್ಳೆಗಳು ಹೋಗುವವರೆಗೆ ಬಿಡಬೇಕು. ಗಾಜಿನ ಮೇಲೆ ಓಎಚ್‌ಪಿ ಹಾಳೆ (ಓವರ್‌ಹೆಡ್ ಪ್ರೊಜೆಕ್ಟರಿನ ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಹಾಸಿ, ಅದರ ಎರಡೂ ಬದಿಗೆ ಸೆಲ್ಲೋ ಟೇಪನ್ನು ಎರಡೆರಡು ಪದರ ಅಂಟಿಸಿ, ನಡುವೆ ರಬ್ಬರ್ ಸುರಿದು, ಗಾಜಿನ ಸ್ಲೈಡಿನ ಅಂಚಿನಿಂದ ಒಂದೇ ಸಲಕ್ಕೆ ಸವರಿದರೆ ಸುಮಾರು 50 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪದ ಪದರ ಸಿಗುತ್ತದೆ. ಅದನ್ನು 70 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಎರಡು ಗಂಟೆ ಇಟ್ಟು, ಟಾಲ್ಕಂ ಪುಡಿ ಸವರಿದ ಬೆರಳಿನಿಂದ ಬಿಡಿಸಬೇಕು.

ಇಡೀ ಕೆಲಸದಲ್ಲಿ ಹೆಚ್ಚು ಎಚ್ಚರ ಬೇಡುವುದು ಈ ದಪ್ಪವೇ. ಬಾಗುವುದಕ್ಕೆ ಪೊರೆ ಒಡ್ಡುವ ಬಿಗಿತ ದಪ್ಪದ ಘನಕ್ಕೆ ಅನುಗುಣವಾಗಿರುವುದರಿಂದ, ದಪ್ಪ ಇಮ್ಮಡಿಯಾದರೆ ಬಿಗಿತ ಎಂಟು ಪಟ್ಟಾಗುತ್ತದೆ. 50 ಮೈಕ್ರಾನ್ ಪೊರೆಗೆ 6 ಮಿಲಿಮೀಟರ್ ಬದಿಯ ಚೌಕ ಸಾಕು. ಚೌಕ ತೀರ ಚಿಕ್ಕದಾದರೆ ಮೂಲೆಗಳು ಮೊದಲು ಏಳುತ್ತವೆಯಾದರೂ ನೀರು ಮುಗಿಯುವ ಹೊತ್ತಿಗೆ ಮತ್ತೆ ಬಿಚ್ಚಿಕೊಳ್ಳುತ್ತವೆ. ಕೈಗೆ ಸಾಬೂನಿನ ಪಸೆಯೂ ಇರಬಾರದು, ಏಕೆಂದರೆ ಮೀಟರಿಗೆ 72 ಮಿಲಿನ್ಯೂಟನ್ ಇರುವ ನೀರಿನ ಎಳೆತ ಸಾಬೂನು ಸೇರಿದರೆ ಅರ್ಧಕ್ಕೂ ಇಳಿಯುತ್ತದೆ.

ಕತ್ತರಿಸಿದ ತುಂಡನ್ನು ಟೆಫ್ಲಾನ್ ಟೇಪಿನ ಮೇಲಿಟ್ಟು, ಮಿಲಿಲೀಟರಿಗೆ 40 ಯೂನಿಟ್‌ನ ಇನ್ಸುಲಿನ್ ಸಿರಿಂಜಿನಿಂದ ಒಂದರಿಂದ ಎರಡು ಯೂನಿಟ್ ನೀರನ್ನು ನಡುವೆ ಬಿಡಬೇಕು. ಒಂದು ಯೂನಿಟ್ ಎಂದರೆ 25 ಮೈಕ್ರೋಲೀಟರ್. ನೀರು ಅಂಚಿನವರೆಗೆ ಹರಡಬೇಕು, ಹೊರಚೆಲ್ಲಬಾರದು. ಚೌಕ ಕೊಳವೆಯಾಗುತ್ತದೆ, ತ್ರಿಕೋನ ಪಿರಮಿಡ್ಡಾಗುತ್ತದೆ, ಹೂವಿನಾಕಾರದ ತುಂಡು ಉಂಡೆಗಟ್ಟುತ್ತದೆ.

ಒಳಮೈಗೆ ಲೇಪವೂ ಬೇಕಿದ್ದರೆ ಬರಿಯ ನೀರಿನ ಬದಲು, ಬಿಸಿನೀರಿನಲ್ಲಿ ಕರಗಿಸಿ ತಣಿಸಿದ ಶೇ. 2ರ ಪಾಲಿವಿನೈಲ್ ಆಲ್ಕೋಹಾಲ್ (ನೀರಿನಲ್ಲಿ ಕರಗುವ ಒಂದು ಪಾಲಿಮರ್) ದ್ರಾವಣವನ್ನು ಬಳಸಬೇಕು. ಇದರಲ್ಲಿ ಎಳೆತ ತುಸು ಕಡಿಮೆಯಾದ್ದರಿಂದ ಚೌಕವನ್ನು ಒಂದೆರಡು ಮಿಲಿಮೀಟರ್ ದೊಡ್ಡದಾಗಿ ಕತ್ತರಿಸುವುದು ಲೇಸು. ಮೇಜಿನ ಮೇಲೆ ಚೆಲ್ಲಿದ ಕಾಫಿ ಒಣಗಿದಾಗ ಅಂಚಿನಲ್ಲಿ ಕಲೆ ಗಾಢವಾಗುವಂತೆ ಇಲ್ಲಿಯೂ ಲೇಪ ಅಂಚಿನ ಕಡೆ ಹೆಚ್ಚು ಸೇರುತ್ತದೆ. ಸಮವಾದ ಲೇಪ ಬೇಕೆನ್ನುವವರಿಗೆ ಅದು ದೋಷ, ಮಡಿಕೆಯ ಅಂಚನ್ನು ಬೆಸೆಯಬೇಕೆನ್ನುವವರಿಗೆ ಅನುಕೂಲ.

ಆಷಾಢದ ಮಳೆಯಲ್ಲಿ ಗಾಳಿಯ ಆರ್ದ್ರತೆ ಶೇ. 90 ಮುಟ್ಟಿದಾಗ ಹನಿ ಆರುವ ವೇಗ ಶೇ. 50ರ ಒಣಹವೆಗೆ ಹೋಲಿಸಿದರೆ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಫ್ಯಾನ್ ಹಾಕಿದರೆ ತುಂಡು ಹಾರುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಡಬ್ಬಿಯೇ ಸರಿ. ಪಾಲಿವಿನೈಲ್ ಆಲ್ಕೋಹಾಲ್ ತೇವ ಹೀರಿ ಮೆತ್ತಗಾಗುವುದರಿಂದ, ಮಡಚಿ ಒಣಗಿದ ತುಂಡುಗಳನ್ನೂ ಮಳೆಗಾಲ ಮುಗಿಯುವವರೆಗೆ ಅದೇ ಡಬ್ಬಿಯಲ್ಲಿಟ್ಟು, ಜೆಲ್ ಬಣ್ಣ ಬದಲಾದಾಗ ಕಾಯಿಸಿ ಮತ್ತೆ ಹಾಕಬೇಕು.