ಹಕ್ಕಿಯ ಕಾಲು ನೋಡಲು ಕಲಿತದ್ದು

ಸೆಪ್ಟೆಂಬರ್ ಬಂತೆಂದರೆ ಬೆಂಗಳೂರಿನ ಹಕ್ಕಿ ನೋಡುಗರಿಗೆ ಕಿವಿ ಚುರುಕಾಗುತ್ತದೆ. ನೀರಿನ ಪಕ್ಕ ಬಾಲ ಕುಣಿಸುವ ಬೂದು ಸಿಪಿಲೆ, ಮರದ ಮೇಲಿಂದ ಕರೆಯುವ ಹಸಿರು ಉಲಿಯಕ್ಕಿ, ಆಮೇಲೆ ಬೇಲಿ ಮೇಲೆ ಕೂರುವ ಕಂದು ಕಳಿಂಗ. ಅಕ್ಟೋಬರ್ ಹೊತ್ತಿಗೆ ಹೊಸಕೋಟೆ ಕೆರೆಯ ಅಂಚಿನಲ್ಲಿ ಕೆಸರು ಕೆದಕುವ ಸಣ್ಣ ಹಕ್ಕಿಗಳು. ಕೊಕ್ಕು, ಹುಬ್ಬು, ರೆಕ್ಕೆ ಪಟ್ಟಿ ನೋಡಿ ಹೆಸರು ಹಿಡಿದರೆ ನನ್ನ ಕೆಲಸ ಮುಗಿಯುತ್ತಿತ್ತು. ಕಾಲು ನೋಡುವ ಅಭ್ಯಾಸ ಬಂದದ್ದು ಸಮುದ್ರ ತೀರದಲ್ಲಿ, ಹಕ್ಕಿಗೆ ಉಂಗುರ ತೊಡಿಸುವವರ ಜೊತೆ ಕೈ ಜೋಡಿಸಿದ ಮೇಲೆ.

ಅದು ತಮಿಳುನಾಡಿನ ಕೋಡಿಯಕ್ಕರೈ. ಬಂಗಾಳ ಕೊಲ್ಲಿಯ ಕರಾವಳಿ ಪಾಕ್ ಜಲಸಂಧಿಯ ಕಡೆ ತಿರುಗುವ ಮೂಲೆ. ಬೆಂಗಳೂರಿನಿಂದ ವೇಲಾಂಕಣ್ಣಿಯ ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ಇಳಿದು ವೇದಾರಣ್ಯಂ ಮೇಲೆ ಹೋಗಬಹುದು. ಉಪ್ಪಿನ ಗದ್ದೆ, ಮಂಡಿ ಮುಳುಗದ ನೀರು, ಕಣ್ಣು ಹರಿಯುವಷ್ಟು ದೂರ ಕೆಸರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1980ರ ದಶಕದಿಂದ ಇಲ್ಲಿ ವಲಸೆ ಹಕ್ಕಿಗಳಿಗೆ ಉಂಗುರ ತೊಡಿಸುತ್ತಾ ಬಂದಿದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ, ತರಬೇತಿ ಇಲ್ಲದೆ ಯಾರೂ ಬಲೆ ಹಾಕುವ ಹಾಗಿಲ್ಲ. ನನ್ನದು ಬರೀ ಸಹಾಯಕನ ಕೆಲಸ: ಚೀಲ ಹಿಡಿಯುವುದು, ಲೆಕ್ಕ ಬರೆಯುವುದು.

ಕತ್ತಲಾದ ಮೇಲೆ ನೀರಿನಲ್ಲಿ ಬಿದಿರು ಗಳ ನೆಟ್ಟು ತೆಳು ನೂಲಿನ ಬಲೆ ಕಟ್ಟಿದರು. ಬೆಳದಿಂಗಳಿದ್ದರೆ ಹಕ್ಕಿಗೆ ಬಲೆ ಕಾಣುತ್ತದೆ, ಹಾಗಾಗಿ ಅಮಾವಾಸ್ಯೆ ಆಸುಪಾಸಿನ ರಾತ್ರಿಗಳೇ ಒಳ್ಳೆಯದು. ಸ್ವಲ್ಪ ಸ್ವಲ್ಪ ಹೊತ್ತಿಗೆ ಬಲೆಯ ಉದ್ದಕ್ಕೂ ನಡೆದು ನೋಡಬೇಕು. ಸಿಕ್ಕ ಹಕ್ಕಿ ನೀರಿಗೆ ತಾಗುವಷ್ಟು ಜೋತು ಬೀಳಬಾರದು. ಮಳೆ ಹನಿದರೆ ಬಲೆ ಮುಚ್ಚಲೇಬೇಕು. ಎಷ್ಟು ಹಕ್ಕಿ ಸಿಗುತ್ತಿದ್ದರೂ ಸರಿ, ಇದರಲ್ಲಿ ಚೌಕಾಸಿ ಇಲ್ಲ. ಆ ತಂಡದ ಮೇಲೆ ನನಗೆ ಗೌರವ ಬಂದದ್ದೇ ಈ ಕಾರಣಕ್ಕೆ.

ನನ್ನ ಕೈಗೆ ಕೊಟ್ಟ ಮೊದಲ ಹಕ್ಕಿ ಲಿಟಲ್ ಸ್ಟಿಂಟ್, ಕೆಸರು ಕೆದಕುವ ಪುಟ್ಟ ವಲಸೆ ಹಕ್ಕಿ. ತೂಕ 20–25 ಗ್ರಾಂ, ಅಷ್ಟೇ. "ಬಿಗಿ ಹಿಡೀಬೇಡಿ. ಕುತ್ತಿಗೆ ತೋರುಬೆರಳು, ನಡುಬೆರಳಿನ ಮಧ್ಯೆ ಇರಲಿ, ಬೆನ್ನು ಅಂಗೈಗೆ ಒರಗಲಿ" ಅಂದರು ಹೇಳಿಕೊಡುತ್ತಿದ್ದ ಮೇಡಂ. ಅಂಗೈಯಲ್ಲಿ ಅದರ ಎದೆ ಬಡಿತ ಒಂದೇ ಸಮನೆ ಗೊತ್ತಾಗುತ್ತಿತ್ತು. ಅವರು ಅಂಕಿ ಕೊರೆದ ಅಲ್ಯುಮಿನಿಯಂ ಉಂಗುರವನ್ನು ಇಕ್ಕಳದಲ್ಲಿ ಒತ್ತಿ ಮುಚ್ಚಿ, ಕೂಡಿದ ಜಾಗದ ಮೇಲೆ ಉಗುರು ಎಳೆದು ನೋಡಿದರು. ಉಗುರು ಎಲ್ಲೂ ತಡೆಯಬಾರದು. ಕೂದಲೆಳೆ ಸಂದು ಉಳಿದರೂ ನೂಲೋ ಹುಲ್ಲೋ ಸಿಕ್ಕಿಕೊಳ್ಳುತ್ತದೆ. ಉಂಗುರ ಕಾಲಿನ ಮೇಲೆ ಸಲೀಸಾಗಿ ತಿರುಗಬೇಕು, ಆದರೆ ಗಂಟು ದಾಟಿ ಜಾರಬಾರದು. ಆಮೇಲೆ ರೆಕ್ಕೆ ಅಳತೆ, ಕೊಕ್ಕಿನ ಅಳತೆ, ಚೀಲ ಸಮೇತ ತೂಕ. ಕೊನೆಗೆ ಕತ್ತಿನ ಕೆಳಗಿನ ಪುಕ್ಕವನ್ನು ಮೆಲ್ಲಗೆ ಊದಿದರು. ತೆಳು ಚರ್ಮದ ಅಡಿ ತುಪ್ಪದ ಬಣ್ಣದ ಕೊಬ್ಬು ಕಂಡಿತು. ಹಾರಾಟಕ್ಕೆ ಬೇಕಾದ ಇಂಧನ ಅದೇ.

ಆ ಹಕ್ಕಿಯ ಬೆನ್ನಿನ ಗರಿಗಳಿಗೆ ಇನ್ನೂ ಹೊಸ ಅಂಚಿತ್ತು. ಅಂದರೆ ಆ ಬೇಸಿಗೆಯಲ್ಲೇ ಉತ್ತರ ಧ್ರುವದ ಹತ್ತಿರದ ಬಯಲಲ್ಲಿ ಹುಟ್ಟಿದ ಮರಿ. ಈ ಜಾತಿಗಳಲ್ಲಿ ದೊಡ್ಡವು ಸಾಮಾನ್ಯವಾಗಿ ಮೊದಲೇ ಹೊರಟುಬಿಡುತ್ತವೆ, ಮರಿಗಳು ಹಿಂದಿನಿಂದ ತಾವೇ ಬರುತ್ತವೆ. ದಾರಿ ಯಾರು ಹೇಳಿಕೊಟ್ಟರು ಅಂತ ನಾನು ಈಗಲೂ ಬೆರಗಾಗುತ್ತೇನೆ.

ಈ ಕೆಲಸಕ್ಕೂ ನಮ್ಮ ಮಲೆನಾಡಿಗೂ ನಂಟಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರೂ ಜ್ವರ ಬಂದು ಮಲಗಿದರು. ಮಂಗನ ಕಾಯಿಲೆಯ ವೈರಸ್ ರಷ್ಯಾದ ಕಡೆಯ ಒಂದು ವೈರಸ್ಸಿನ ಹತ್ತಿರದ ಸಂಬಂಧಿ. ವೈರಸ್ ಹರಡುವ, ರಕ್ತ ಹೀರುವ ಉಣ್ಣೆಗಳನ್ನು ವಲಸೆ ಹಕ್ಕಿಗಳು ಹೊತ್ತು ತಂದವಾ ಅನ್ನುವ ಅನುಮಾನ ಎದ್ದಿತು. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಪಕ್ಷಿತಜ್ಞ ಸಲೀಂ ಅಲಿ ಮತ್ತು ಅವರ ಸಂಗಡಿಗರು ದೊಡ್ಡ ಮಟ್ಟದಲ್ಲಿ ಉಂಗುರ ಹಾಕಲು ಶುರುಮಾಡಿದರು. ಹಕ್ಕಿಗಳೇ ತಂದವು ಅಂತ ಸಾಬೀತಾಗಲಿಲ್ಲ. ಆದರೆ ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವ ಲೆಕ್ಕ ನಮಗೆ ಸಿಗತೊಡಗಿತು.

ಉಂಗುರ ಹಾಕಿದರೆ ಅರ್ಧ ಕೆಲಸ. ಇನ್ನರ್ಧ ಅದನ್ನು ಯಾರಾದರೂ ನೋಡಿ ತಿಳಿಸುವುದು. ಲಿಟಲ್ ಸ್ಟಿಂಟ್ ನಮ್ಮ ಕೆರೆಗಳಿಗೂ ಬರುತ್ತದೆ. ಹಾಗಾಗಿ ಈಗ ಹೊಸಕೋಟೆಯಲ್ಲಿ ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ಕೂರುತ್ತೇನೆ. ನೀರಲ್ಲಿ ನಿಂತ ಹಕ್ಕಿಯ ಕಾಲು ಕಾಣುವುದಿಲ್ಲ, ಕೆಸರಿಗೆ ಬರುವ ತನಕ ಕಾಯಬೇಕು. ಹತ್ತಿರ ಹೋಗಿ ಎಬ್ಬಿಸಿದರೆ ಅದರ ಮೇವೂ ಹೋಯಿತು, ನಮ್ಮ ಕೆಲಸವೂ ಕೆಟ್ಟಿತು. ಒಮ್ಮೆ ಬಲೆ ಬಿಡಿಸುತ್ತಿದ್ದ ಮೀನುಗಾರರೊಬ್ಬರು, "ಏನ್ ಸಾರ್, ಆಗ್ಲಿಂದ ಒಂದೇ ಕಡೆ ನೋಡ್ತಿದೀರಲ್ಲ?" ಅಂದರು. "ಕಾಲಲ್ಲಿ ಉಂಗುರ ಇದೆಯಾ ಅಂತ ಅಣ್ಣ" ಅಂದೆ. ಟೆಲಿಸ್ಕೋಪಿಗೆ ಕಣ್ಣಿಟ್ಟು ಅವರೂ ಸುಮಾರು ಹೊತ್ತು ನೋಡಿದರು. "ನಮ್ ಬಲೇಗೇನಾದ್ರೂ ಉಂಗುರದ ಹಕ್ಕಿ ಸಿಕ್ರೆ ಬಿಡಿಸಿ, ನಂಬರ್ ಬರ್ಕೊಂಡು ಹೇಳ್ತೀನಿ" ಅಂತ ನನ್ನ ಫೋನ್ ನಂಬರ್ ತಗೊಂಡರು.

ಲೋಹದ ಉಂಗುರದ ಅಂಕಿ ದೂರದಿಂದ ಓದುವುದು ಬಹಳ ಕಷ್ಟ. ಕಾಲಿಗೆ ಬಣ್ಣದ ಪಟ್ಟಿಯನ್ನೂ ತೊಡಿಸಿದ್ದರೆ ಸುಲಭ. ಯಾವ ಕಾಲು, ಗಂಟಿನ ಮೇಲೋ ಕೆಳಗೋ, ಮೇಲಿನ ಬಣ್ಣ ಯಾವುದು, ಕೆಳಗಿನದು ಯಾವುದು, ಅಕ್ಷರ ಏನು ಅಂತ ಅಲ್ಲೇ ಬರೆದುಕೊಳ್ಳಿ. ಆಮೇಲೆ ನೆನಪು ಕೈ ಕೊಡುತ್ತದೆ. ಎರಡೂ ಕಾಲು ಕಾಣುವ ಹಾಗೆ ಫೋಟೋ ಜಾಸ್ತಿ ತೆಗೆಯಿರಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ನೋಡಿದ ಹಕ್ಕಿಗಳನ್ನು ದಾಖಲಿಸುವ ಇಬರ್ಡ್ ಜಾಲತಾಣದ ನಿಮ್ಮ ಪಟ್ಟಿಯ ಟಿಪ್ಪಣಿಯಲ್ಲೂ ಹಾಕಿ. ಉಂಗುರ ಸಿಗದ ದಿನವೂ ಎಷ್ಟು ಹಕ್ಕಿಗಳ ಕಾಲು ಸರಿಯಾಗಿ ನೋಡಿದಿರಿ ಅಂತ ಬರೆಯಿರಿ. ಎಷ್ಟರಲ್ಲಿ ಒಂದಕ್ಕೆ ಉಂಗುರ ಇದೆ ಅಂತ ತಿಳಿಯಲು ಆ ಸಂಖ್ಯೆಯೂ ಬೇಕು.